ಲೇತ್ ಕೆಲಸದವನ ವೀಸಾ ಇಂಗ್ಲಿಷು

ವಯಸ್ಸಾದ ಮೇಲೆ ಇಂಗ್ಲಿಷ್ ಕಲಿಯೋಕೆ ಹೊರಟವನನ್ನು ನೋಡುವಷ್ಟು ಅನುಮಾನದಿಂದ ನಮ್ಮ ಜನ ಕಳ್ಳನನ್ನೂ ನೋಡೋದಿಲ್ಲ. ಎಂಬತ್ತರ ದಶಕದಲ್ಲಿ ಸುಮಾರು ಎರಡು ವರ್ಷ ನಾನು ಇದನ್ನು ಅನುಭವಿಸಿದೆ. ಆಗ ನನಗೆ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಲೇತ್ ಮೇಲೆ ಕೆಲಸ, ಟಿ. ದಾಸರಹಳ್ಳಿಯಲ್ಲಿ ಬಾಡಿಗೆ ಮನೆ, ವಯಸ್ಸು ಮೂವತ್ತೆರಡು. ಆಸ್ಟ್ರೇಲಿಯಾದವರಿಗೆ ಟರ್ನರ್, ಫಿಟ್ಟರ್‌ಗಳು ಬೇಕಂತೆ, ಸಂಸಾರ ಸಮೇತ ಕರೆಸ್ಕೋತಾರಂತೆ ಅನ್ನೋ ಸುದ್ದಿ ಟೀ ಅಂಗಡಿಗೆ ಬಂತು. ಕೆಲಸ ಬಂದರೆ ಸಾಲದು, ಇಂಗ್ಲಿಷೂ ಬರಬೇಕು ಅನ್ನೋ ಸುದ್ದಿ ಸ್ವಲ್ಪ ತಡವಾಗಿ ಬಂತು. ಅಷ್ಟರಲ್ಲಿ ನಾನೂ, ಪಕ್ಕದ ಗ್ರೈಂಡಿಂಗ್ ಮೆಷಿನ್ನಿನ ನನ್ನ ಗೆಳೆಯನೂ ಅರ್ಜಿ ತರಿಸಿಕೊಂಡು ಕೂತಿದ್ದೆವು.

1. ಬಾವಿ ಎಷ್ಟು?

ಭಾನುವಾರ ಬೆಳಿಗ್ಗೆ ಜಗಲಿ ಮೇಲೆ ಅರ್ಜಿ ಹರಡಿಕೊಂಡಿದ್ದೆ. ಮನೆ ಮಾಲೀಕರು ಬಂದು ನಿಂತರು. ಊರಿನ ಮೂಲದ ಗೌಡರು. ಜಮೀನು ಇಂಡಸ್ಟ್ರಿಯಲ್ ಏರಿಯಾಕ್ಕೆ ಹೋದ ಮೇಲೆ ಉಳಿದ ಜಾಗದಲ್ಲಿ ಸಾಲಾಗಿ ಮನೆ ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದರು.

"ಏನ್ಲಾ ಅದು, ಸರ್ಕಾರದ ಕಾಗ್ದನಾ?"

"ಆಸ್ಟ್ರೇಲಿಯಾ ಸರ್ಕಾರದ್ದು ಗೌಡ್ರೇ."

"ಯಾವ ಸರ್ಕಾರ ಆದ್ರೇನು. ಓದು ನೋಡಾನ."

ನಾನು ಓದಿದೆ. ಇಂಗ್ಲಿಷ್ ಎಷ್ಟು ಚೆನ್ನಾಗಿ ಮಾತಾಡ್ತೀಯ ಅನ್ನೋ ಪ್ರಶ್ನೆ. ಕೆಳಗೆ ಮೂರು ಚೌಕ: ವೆರಿ ವೆಲ್, ವೆಲ್, ನಾಟ್ ವೆಲ್. ಗೌಡರ ಮುಖ ಬಿಗಿಯಿತು.

"ವೆಲ್ಲು ಅಂದ್ರೆ ಬಾವಿ ತಾನೇ? ಪಂಪ್‌ಸೆಟ್ಟಿಗೆ ಕರೆಂಟು ಆಕ್ಸುವಾಗ ಕಾಗ್ದದಾಗೆ ಅಂಗೇ ಇತ್ತು."

"ಇದು ಬೇರೆ ವೆಲ್ಲು ಗೌಡ್ರೇ. ಚೆನ್ನಾಗಿ ಅಂತ ಅರ್ಥ."

"ಮೊದ್ಲು ಇಂಗೇ ಯೋಳ್ತಾರೆ. ನಮ್ತಾವೂ ಬಾವಿ ಎಷ್ಟೈತೆ ಅಂತ ನಗ್ತಾ ನಗ್ತಾ ಕೇಳಿ ಬರ್ಕೊಂಡೋದ್ರು. ಆಮ್ಯಾಕೆ ಬಾವಿ ಸಮೇತ ಜಮೀನೇ ಓಯ್ತು. ಅದ್ರ ಮ್ಯಾಲೇ ನಿನ್ನ ಫ್ಯಾಕ್ಟ್ರಿ ನಿಂತಿರೋದು. ಬಾವಿ ಇಲ್ಲ ಅಂತ ಬರ್ದ್ಬಿಡು."

ಅವರು ಅಲ್ಲಿಂದ ಅಲುಗಾಡಲಿಲ್ಲ. ಅವರ ಕಣ್ಣೆದುರೇ 'ನಾಟ್ ವೆಲ್' ಚೌಕದಲ್ಲಿ ಪೆನ್ಸಿಲ್ ಗುರುತು ಹಾಕಿದೆ. ಅವರು ಒಳಗೆ ಹೋದ ಮೇಲೆ ಅಳಿಸಿದೆ. ಅಳಿಸೋವಾಗ ನನಗೇ ಅನುಮಾನ ಬಂತು, ನಿಜವಾದ ಉತ್ತರ ಗೌಡ್ರು ಹೇಳಿದ್ದೇ ಇರಬೇಕು ಅಂತ.

2. ಶೆಡ್ಡಿನ ಹಿಂದೆ

ದಿನಾ ಟೀ ಟೈಮಲ್ಲಿ ಹತ್ತು ನಿಮಿಷ ಕಂಪ್ರೆಸರ್ ಶೆಡ್ಡಿನ ಹಿಂದೆ ಬರೀ ಇಂಗ್ಲಿಷಲ್ಲೇ ಮಾತಾಡಬೇಕು ಅಂತ ನಾನೂ ಗ್ರೈಂಡರ್ ಗೆಳೆಯನೂ ಒಪ್ಪಂದ ಮಾಡಿಕೊಂಡೆವು. ನಮಗೆ ಬರ್ತಿದ್ದದ್ದು ಹವಾಮಾನದ ಇಂಗ್ಲಿಷು ಮಾತ್ರ. ಕೆಲಸ ಬಿಡೋ ವಿಷಯ ಯಾರಿಗೂ ಗೊತ್ತಾಗಬಾರದಲ್ಲ, ಅದಕ್ಕೆ ಫೋರ್‌ಮನ್ ತಲೆ ಕಂಡ ಕೂಡಲೇ ಬಾಯಿ ಮುಚ್ಚಿಕೊಳ್ತಿದ್ದೆವು. ಹಿಂದಿನ ವರ್ಷ ತಾನೇ ನಮ್ಮಲ್ಲಿ ಸ್ಟ್ರೈಕ್ ಆಗಿತ್ತು. ಫೋರ್‌ಮನ್ ಸುಮ್ಮನಿರ್ತಾರಾ? ಸೀದಾ ಮ್ಯಾನೇಜರ್ ಮುಂದೆ ನಿಲ್ಲಿಸಿದರು.

"ಏನ್ರಯ್ಯಾ ಅದು, ದಿನಾ ಮೀಟಿಂಗು?"

"ಮೀಟಿಂಗ್ ಅಲ್ಲ ಸಾರ್. ಹವಾಮಾನದ ಬಗ್ಗೆ ಮಾತಾಡ್ತಿದ್ವಿ."

"ಸುಳ್ಳು ಸಾರ್," ಅಂದರು ಫೋರ್‌ಮನ್. "ನಾನೇ ಕಿವಿಯಾರೆ ಕೇಳ್ದೆ. 'ಟುಮಾರೋ ಇಟ್ ವಿಲ್ ರೈನ್' ಅಂದ ಇವನು. 'ಆರ್ ಯು ಶೂರ್?' ಅಂದ ಅವನು. ಕೋಡ್ ವರ್ಡ್ ಸಾರ್ ಇದು. ನಾಳೆ ಏನೋ ಮಾಡೋಕೆ ಹೊರಟಿದಾರೆ."

ಮಾರನೇ ದಿನ ಮ್ಯಾನೇಜರ್ ಬೆಳಗಿನ ಶಿಫ್ಟಿನಿಂದಲೇ ಗೇಟಿನಲ್ಲಿ ಕಾವಲು ನಿಂತರು. ಸ್ಟ್ರೈಕೂ ಇಲ್ಲ, ಘೋಷಣೆಯೂ ಇಲ್ಲ. ಮಧ್ಯಾಹ್ನ ಮೂರಕ್ಕೆ ಧೋ ಅಂತ ಮಳೆ ಸುರೀತು. ತೊಪ್ಪೆಯಾಗಿ ಒಳಗೆ ಬಂದವರು ನಮ್ಮಿಬ್ಬರನ್ನು ಒಂದು ನಿಮಿಷ ದಿಟ್ಟಿಸಿ, ಫೋರ್‌ಮನ್ ಕಡೆ ತಿರುಗಿ ಮೆಲ್ಲಗೆ ಕೇಳಿದರು: "ಇವ್ರಿಗೆ ನಿನ್ನೇನೇ ಹೇಗ್ರೀ ಗೊತ್ತಾಯ್ತು?"

3. ವೈಟ್‌ಫೀಲ್ಡ್ ಟೀಚರಮ್ಮ

ಹವಾಮಾನದಿಂದ ಆಚೆಗೆ ಹೋಗಬೇಕಲ್ಲ. ವೈಟ್‌ಫೀಲ್ಡಿನಲ್ಲಿ ಒಬ್ಬರು ರಿಟೈರ್ಡ್ ಆಂಗ್ಲೋ-ಇಂಡಿಯನ್ ಟೀಚರ್ ಇದಾರೆ ಅಂತ ಗೊತ್ತಾಯ್ತು. ಎರಡು ಬಸ್ ಬದಲಾಯಿಸಿ ಪ್ರತಿ ಭಾನುವಾರ ಹೋಗೋಕೆ ಶುರು ಮಾಡಿದೆ. ನಾಲ್ಕನೇ ಭಾನುವಾರ ನನ್ನ ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು.

"ನನ್ನ ತಮ್ಮನ ಮದುವೇಗೂ ಶೇವ್ ಮಾಡ್ಕೊಂಡಿರ್ಲಿಲ್ಲ. ಈಗ ವಾರವಾರ ಇಸ್ತ್ರಿ ಶರ್ಟು, ಪೌಡರು. ಆ ಟೀಚರ್‌ಗೆ ವಯಸ್ಸೆಷ್ಟು?"

"ಎಪ್ಪತ್ತಮೂರು ಕಣೇ."

"ನಾನೂ ಬರ್ತೀನಿ. ಎಣಿಸಿ ನೋಡ್ತೀನಿ."

ಟೀಚರಮ್ಮನಿಗೆ ಬೇರೆಯದೇ ಅನುಮಾನದ ಕಾಯಿಲೆ. ಅವರ ಹಳೇ ಬಂಗಲೆಯನ್ನು ಕೊಳ್ಳೋಕೆ ಜನ ಏನೇನೋ ನೆಪ ಮಾಡಿಕೊಂಡು ಬರ್ತಿದ್ದರು. ಜೋಡಿಯಾಗಿ ಬಂದ ನಮ್ಮನ್ನು ನೋಡಿ ಬಾಗಿಲನ್ನು ಅರ್ಧವೇ ತೆರೆದರು. ನನ್ನ ಹೆಂಡತಿ ಒಳಗೆ ಕಾಲಿಟ್ಟವಳೇ ನೀರು ಕೇಳುವ ನೆಪದಲ್ಲಿ ಅಡುಗೆಮನೆ ನೋಡಿದಳು, ಗಾಳಿ ಬರಲಿ ಅಂತ ರೂಮಿನ ಕಿಟಕಿ ತೆಗೆದು ನೋಡಿದಳು, ಆಮೇಲೆ ಬಚ್ಚಲು ಎಲ್ಲಿ ಅಂತ ಕೇಳಿದಳು. ಟೀಚರಮ್ಮ ಅವಳ ಬೆನ್ನಿಗೇ ಊರುಗೋಲು ಕುಟ್ಟುತ್ತಾ ಓಡಾಡಿದರು.

"ನೋ ಸೇಲ್! ಈ ಮನೆ ಮಾರಲ್ಲ! ಇಂಗ್ಲಿಷ್ ಅಂತ ಸುಳ್ಳು ಹೇಳಿ ಹೆಂಡ್ತಿ ಕರ್ಕೊಂಡ್ಬಂದು ಮನೆ ತೋರಿಸ್ತಿದೀಯಾ?"

ನನ್ನವಳಿಗೂ ಸಾಕಾಯ್ತು. "ನಿಮ್ಮನೆ ಯಾರಿಗೆ ಬೇಕಮ್ಮಾ! ಇಲ್ಲಿ ಬೇರೆ ಯಾರಾದ್ರೂ ಹೆಂಗಸರಿದಾರಾ ಅಂತ ನೋಡಿದೆ ಅಷ್ಟೇ."

ಟೀಚರಮ್ಮ ಊರುಗೋಲು ಬದಿಗಿಟ್ಟರು. ಕುರ್ಚಿ ಮೇಲೆ ಕೂತು, ಕೂದಲು ಸರಿ ಮಾಡಿಕೊಂಡು, ನಿಜವಾಗಿಯೂ ನೊಂದ ದನಿಯಲ್ಲಿ ಕೇಳಿದರು: "ಯಾಕೆ, ನನ್ಮೇಲೆ ಅನುಮಾನ ಬರ್ಲಿಲ್ವಾ?"

4. ದೃಢೀಕರಣ ಪತ್ರ

ಇಂಗ್ಲಿಷ್ ಬರುತ್ತೆ ಅನ್ನೋದಕ್ಕೆ ಓದಿದ ಶಾಲೆಯಿಂದ ಒಂದು ಪತ್ರ ಬೇಕಿತ್ತು. ನನ್ನ ಹೈಸ್ಕೂಲಿಗೆ ಹೋದರೆ, ನಮಗೆ ಇಂಗ್ಲಿಷ್ ಪಾಠ ಮಾಡ್ತಿದ್ದ ಮೇಷ್ಟ್ರೇ ಈಗ ಹೆಡ್‌ಮಾಸ್ಟರ್ ಕುರ್ಚಿಯಲ್ಲಿದ್ದರು.

"ಗ್ರಾಮರ್ ಪೇಪರಲ್ಲಿ ಸಾಲಾಗಿ ಮೂರು ಪ್ರಶ್ನೆಗೂ 'ಸೇಮ್ ಆಸ್ ಅಬೋವ್' ಅಂತ ಬರ್ದವನು ನೀನೇ ಅಲ್ವೇನೋ?"

"ಹೌದು ಸಾರ್."

"ಮೇಲಿನದ್ದೂ ತಪ್ಪಾಗಿತ್ತು. ಈಗ ನಿನಗೆ ಇಂಗ್ಲಿಷ್ ಬರುತ್ತೆ ಅಂತ ನಾನು ಸಹಿ ಹಾಕಬೇಕಾ? ಇದರ ಹಿಂದೆ ಯಾರಿದಾರೆ ಹೇಳು."

ಅರ್ಧ ಗಂಟೆ ಕಾಡಿಬೇಡಿದ ಮೇಲೆ ಮನಸ್ಸು ಕರಗಿತು. ಲೆಟರ್‌ಹೆಡ್ ತೆಗೆದು, ಮುತ್ತಿನಂಥ ಅಕ್ಷರದಲ್ಲಿ ಬರೆದು, ಮೊಹರು ಒತ್ತಿ ಕೊಟ್ಟರು: 'ಸದರಿಯವರಿಗೆ ಆಂಗ್ಲ ಭಾಷೆಯನ್ನು ಓದಲು, ಬರೆಯಲು ಹಾಗೂ ಮಾತನಾಡಲು ಬರುತ್ತದೆಂದು ಈ ಮೂಲಕ ದೃಢೀಕರಿಸಲಾಗಿದೆ.' ಅಷ್ಟೂ ಅಚ್ಚ ಕನ್ನಡ.

"ಸಾರ್, ಇದು ಇಂಗ್ಲಿಷಲ್ಲಿ ಇರಬೇಕಿತ್ತು."

"ಆಡಳಿತ ಭಾಷೆ ಕನ್ನಡ ಕಣೋ. ಮೇಲಿಂದ ಆರ್ಡರ್ ಬಂದಿದೆ."

"ಆಸ್ಟ್ರೇಲಿಯಾದವರಿಗೆ ಓದೋಕೆ ಬರಲ್ವಲ್ಲ ಸಾರ್."

ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಿನಗೆ ಇಂಗ್ಲಿಷ್ ಬರುತ್ತೆ ಅಂತ ಈಗ ತಾನೇ ಬರ್ದುಕೊಟ್ಟಿದೀನಲ್ಲಯ್ಯಾ. ನೀನೇ ಟ್ರಾನ್ಸ್‌ಲೇಟ್ ಮಾಡ್ಕೋ!"

5. ಮದ್ರಾಸಿನ ಇಂಟರ್ವ್ಯೂ

ಕೊನೆಗೆ ಮದ್ರಾಸಿಗೆ ಕರೆ ಬಂತು. ಅಲ್ಲೊಂದು ಹೋಟೆಲಿನಲ್ಲಿ ಇಂಟರ್ವ್ಯೂ. ಟೀಚರಮ್ಮ ನನಗೆ ಒಂದು ಪುಟದ ಸ್ವಪರಿಚಯ ಬರೆದುಕೊಟ್ಟಿದ್ದರು. ಗೆಳೆಯ ಅಂದ ಮೇಲೆ ಬಚ್ಚಿಡೋಕಾಗುತ್ತಾ? ಗ್ರೈಂಡರ್‌ಗೂ ಒಂದು ಪ್ರತಿ ಮಾಡಿ ಕೊಟ್ಟಿದ್ದೆ. ರೈಲಿನುದ್ದಕ್ಕೂ ಇಬ್ಬರೂ ಉರು ಹೊಡೆದೆವು. ಅಲ್ಲಿ ಮೊದಲು ಅವನನ್ನು ಕರೆದರು, ಆಮೇಲೆ ನನ್ನನ್ನು.

ಒಳಗೆ ಕೆಂಪು ಮುಖದ ದಪ್ಪ ಅಧಿಕಾರಿ. ನಾನು ಶುರು ಮಾಡಿದೆ: "ಮೈ ನೇಟಿವ್ ಪ್ಲೇಸ್ ಈಸ್ ಎ ಪೀಸ್‌ಫುಲ್ ವಿಲೇಜ್..." ಎರಡನೇ ಸಾಲಿಗೇ ಆತ ಕೈ ಎತ್ತಿದ. ಮೂರನೇ ಸಾಲನ್ನು ತಾನೇ ಹೇಳಿದ! ನನಗಿಂತ ಮುಂಚೆ ಬಂದವನ ಬಾಯಲ್ಲಿ ಅಷ್ಟನ್ನೂ ಕೇಳಿದ್ದನಲ್ಲ. ಮುಖದ ತುಂಬಾ ಅನುಮಾನ. ಆಮೇಲೆ ಏನೇನೋ ಕೇಳಿದ. ಮಾತೆಲ್ಲಾ ಮೂಗಿನಲ್ಲೇ ಹೊರಳಿಕೊಂಡು ಬರ್ತಿತ್ತು, ಟೀಚರಮ್ಮನ ಇಂಗ್ಲಿಷಿಗೂ ಅದಕ್ಕೂ ಸಂಬಂಧವೇ ಇಲ್ಲ. ಬೆವೆತುಹೋಗಿ, ಎಷ್ಟು ಸಾಧ್ಯವೋ ಅಷ್ಟು ವಿನಯದಿಂದ ಅಂದೆ: "ಸಾರ್, ಪ್ಲೀಸ್ ಸ್ಪೀಕ್ ಇನ್ ಇಂಗ್ಲಿಷ್."

ಮುಗೀತು ಅಂದುಕೊಂಡೆ. ಎರಡು ವರ್ಷದ ಓಡಾಟ, ಹೆಂಡತಿ ಆಗಲೇ ಗಂಟು ಕಟ್ಟಿಟ್ಟಿದ್ದ ಪಾತ್ರೆಗಳು, ಎಲ್ಲ ಕಣ್ಮುಂದೆ ಬಂತು. ಆತ ಮಾತು ನಿಲ್ಲಿಸಿ, ಬ್ಯಾಗಿನಿಂದ ಲೇತಲ್ಲಿ ಕಡೆದ ಒಂದು ಗೇಣುದ್ದದ ಕಬ್ಬಿಣದ ಶಾಫ್ಟ್ ತೆಗೆದು ಮೇಜಿನ ಮೇಲಿಟ್ಟ. ಆಗ ನೋಡಿದೆ, ಅವನ ಎಡಗೈ ತೋರುಬೆರಳು ಅರ್ಧಕ್ಕೇ ಮುಗಿದಿತ್ತು. ಓಹೋ, ಮೆಷಿನ್ ಶಾಪಿನವನು! ಭಯವೆಲ್ಲಾ ಹಾರಿಹೋಯ್ತು. ಶಾಫ್ಟ್ ಕೈಗೆತ್ತಿಕೊಂಡು ಬೆಳಕಿಗೆ ಹಿಡಿದೆ. ಬಾಯಿ ತಾನಾಗೇ ಬಿಚ್ಚಿಕೊಂಡಿತು:

"ಜಾಬ್ ಟೇಪರ್ ಆಗ್ಬಿಟ್ಟಿದೆ ಸಾರ್! ಟೈಲ್‌ಸ್ಟಾಕ್ ಅಲೈನ್‌ಮೆಂಟ್ ಔಟು. ಇಲ್ನೋಡಿ, ಫುಲ್ ಚ್ಯಾಟರ್ ಮಾರ್ಕು. ಟೂಲ್ ಓವರ್‌ಹ್ಯಾಂಗ್ ಓವರ್ ಆಗಿದೆ. ಟೂಲ್ ಶಾರ್ಟ್ ಮಾಡಿ, ಸ್ಪೀಡ್ ಲೋ ಮಾಡಿ, ಸೆಂಟರ್ ಚೆಕ್ ಮಾಡಿ, ಫೈನ್ ಫೀಡಲ್ಲಿ ಫಿನಿಶ್ ಕಟ್ ಹೊಡುದ್ರೆ ಓಕೆ ಆಗುತ್ತೆ. ಆಪರೇಟರ್ ಟೋಟಲ್ ಯೂಸ್‌ಲೆಸ್ ಸಾರ್!"

ಆತ ಮೇಜು ಗುದ್ದಿ ನಕ್ಕ. ಎದೆ ಮುಟ್ಟಿಕೊಂಡು, "ಐ ಮೇಡ್ ಇಟ್!" ಅಂದ. ಪರೀಕ್ಷೆಗೆ ಅಂತ ಬೇಕೆಂದೇ ಕೆಡಿಸಿ ತಂದಿದ್ದನಂತೆ. ಎದ್ದು ನಿಂತು ಕೈ ಕುಲುಕಿದ. ತಿಂಗಳೊಪ್ಪತ್ತಿನಲ್ಲಿ ಕಾಗದ ಬಂತು. ಅದರಲ್ಲಿ, ಇಂಗ್ಲಿಷ್: ತೃಪ್ತಿಕರ. ಗ್ರೈಂಡರ್‌ಗೂ ಬಂತು: ಉರು ಹೊಡೆದಂತಿದೆ, ಆರು ತಿಂಗಳ ನಂತರ ಮತ್ತೆ ಬನ್ನಿ.

"ನಿಜ ಹೇಳು ಗುರು, ಒಳಗಡೆ ಏನ್ ಮಾತಾಡ್ದೆ?"

"ಕನ್ನಡ ಕಣೋ. ಪೀಣ್ಯದ ಕನ್ನಡ."

"ಹೇಳೋಕೆ ಇಷ್ಟ ಇಲ್ದಿದ್ರೆ ಬಿಡು ಮಗಾ. ಯಾರನ್ನ ಹಿಡ್ದಿದ್ದೆ ಅಂತ ನಂಗೊತ್ತು."

ನಾವು ಹೋದೆವು, ಹದಿನಾಲ್ಕು ವರ್ಷ ಇದ್ದು ಬಂದೆವು. ಅವನು ಇಲ್ಲೇ ಉಳಿದು ಜಿಗಣಿಯಲ್ಲಿ ಸ್ವಂತ ಗ್ರೈಂಡಿಂಗ್ ಶೆಡ್ ಹಾಕಿಕೊಂಡು ನನಗಿಂತ ಚೆನ್ನಾಗಿದಾನೆ. ವಾಪಸ್ ಬಂದ ಮೇಲೆ ಒಂದು ದಿನ ಕೇಳಿದೆ, "ಎರಡನೇ ಇಂಟರ್ವ್ಯೂ ಏನಾಯ್ತೋ?"

ಅನುಮಾನದಿಂದಲೇ ನನ್ನನ್ನು ನೋಡಿ ಅಂದ: "ನೀನ್ ಹೇಳಿದ್ದನ್ನ ನಂಬಿ ಕನ್ನಡದಲ್ಲೇ ಶುರು ಮಾಡ್ದೆ ಕಣೋ. 'ನಮಸ್ಕಾರ ಸಾರ್, ಚೆನ್ನಾಗಿದೀರಾ, ಊಟ ಆಯ್ತಾ?' ಅಂದೆ. ಅಷ್ಟೂ ಮಾತಲ್ಲಿ ಅವನಿಗೆ ಅರ್ಥ ಆಗಿದ್ದು 'ಸಾರ್' ಒಂದೇ."