ನಮ್ಮ ಮನೆಯ ವೇಗ ನಿಯಮ

ಹೊಟ್ಟೆಕಿಚ್ಚು ಪಡುವವರು ಬೇಗ ಮುದುಕರಾಗುತ್ತಾರೆ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಹಾಗಾದರೆ ನನ್ನ ತಲೆ ಬೋಳಾದದ್ದಕ್ಕೆ ಕಾರಣ ನಮ್ಮ ಮನೆತನವಲ್ಲ, ಶೈಲಜಾ ಮೇಡಂ. ಗೋಕಾಕದ ಒಂದೇ ಕಾಲೇಜಿನಲ್ಲಿ ನಾನೂ ಕೆಮಿಸ್ಟ್ರಿ ಕಲಿಸುತ್ತೇನೆ, ಹುಕ್ಕೇರಿಯಿಂದ ಬಸ್ಸಿನಲ್ಲಿ ಬಂದು ಹೋಗುವ ಆಕೆಯೂ ಕಲಿಸುತ್ತಾರೆ. ಕ್ಲಾಸು ಮುಗಿದ ಮೇಲೆ ಹುಡುಗರು ಆಕೆಯ ಹಿಂದೆ ಸ್ಟಾಫ್ ರೂಮಿನ ತನಕ ಬರುತ್ತಾರೆ. ನನ್ನದು ಮುಗಿದರೆ ಕ್ಯಾಂಟೀನಿಗೆ ಓಡುತ್ತಾರೆ. ಅದನ್ನಾದರೂ ನುಂಗಿಕೊಂಡೇನು. ಆದರೆ ಅದೇ ಕಾಲೇಜಿನಲ್ಲಿ ಸೆಕೆಂಡ್ ಪಿಯುಸಿ ಓದುವ ನನ್ನ ಸ್ವಂತ ಮಗಳು ಅಕ್ಷತಾ, ನಾನು ಪಕ್ಕದಲ್ಲೇ ಕೂತಿರುವಾಗ ಆಕೆಗೆ ಫೋನ್ ಹಚ್ಚಿ, "ಮೇಡಂ, ರೇಟ್ ಲಾದಾಗ ಒಂದ ಡೌಟ್ ಐತ್ರಿ" ಅಂದರೆ? ತಿನ್ನುತ್ತಿದ್ದ ಅವಲಕ್ಕಿಯ ತಟ್ಟೆಯನ್ನು ಆಚೆ ತಳ್ಳಿದೆ. ರೇಟ್ ಲಾ, ಅಂದರೆ ರಾಸಾಯನಿಕ ಕ್ರಿಯೆಯ ವೇಗದ ನಿಯಮ, ನನ್ನ ಅಚ್ಚುಮೆಚ್ಚಿನ ಪಾಠ!

ಆ ಪಾಠ ಹೇಳುವುದು ಇಷ್ಟೇ. ಕ್ರಿಯೆಗೆ ಬೆರೆಸುವ ಒಂದು ವಸ್ತುವನ್ನು, ಅಂದರೆ ಪ್ರತಿವರ್ತಕವನ್ನು, ದುಪ್ಪಟ್ಟು ಮಾಡಿದಾಗ ಕ್ರಿಯೆಯ ವೇಗವೂ ದುಪ್ಪಟ್ಟಾದರೆ ಅದರ ಆರ್ಡರ್ ಒಂದು. ನಾಲ್ಕು ಪಟ್ಟಾದರೆ ಎರಡು. ಏನೂ ಆಗದಿದ್ದರೆ ಸೊನ್ನೆ. ಸಮೀಕರಣದ ಅಂಕಿ ನೋಡಿ ಇದನ್ನು ಊಹಿಸಬಾರದು. ಉಳಿದದ್ದೆಲ್ಲ ಹಾಗೇ ಇಟ್ಟು, ಒಂದೊಂದನ್ನೇ ಬದಲಿಸಿ, ಮಾಡಿಯೇ ನೋಡಬೇಕು. ಇದನ್ನು ವರ್ಷಾವರ್ಷ ಮೇಜು ಕುಟ್ಟಿ ಹೇಳುವ ನಾನು, ಮೇಡಂ ವಿಷಯ ಬಂದಕೂಡಲೇ ಊಹೆಗೆ ಬಿದ್ದೆ. ಆಕೆ ನಗಿಸುತ್ತಾರೆ, ಅದಕ್ಕೇ ಇವಳು ಮರುಳಾಗಿದ್ದಾಳೆ! ಮನೆಯಲ್ಲಿ ಜೋಕು ಹೇಳತೊಡಗಿದೆ. ಫಲ ಸೊನ್ನೆ. ಜೋಕು ದುಪ್ಪಟ್ಟು ಮಾಡಿದೆ. "ಏನ್ರಿ, ಆರಾಮ ಅದೀರಿಲ್ಲೊ?" ಎಂದು ಹೆಂಡತಿ ಹಣೆ ಮುಟ್ಟಿ ನೋಡಿದಳು. ಜೋಕು ಬಿಟ್ಟು, ಮೂಡಲಗಿಯ ಅತ್ತೆ ಕಳಿಸಿದ ಶೇಂಗಾ ಹೋಳಿಗೆಯಲ್ಲಿ ನನ್ನ ಪಾಲನ್ನೂ ಮಗಳಿಗೆ ಕೊಟ್ಟೆ. ಅವಳು ಅದನ್ನು ಡಬ್ಬಿಗೆ ಹಾಕಿಕೊಂಡು ಹೋಗಿ ಮೇಡಂಗೆ ತಿನ್ನಿಸಿ ಬಂದಳು. ಮಗಳ ಬಾಯಲ್ಲಿ ಮೇಡಂ ಹೊಗಳಿಕೆ ದುಪ್ಪಟ್ಟಾದರೆ ನನ್ನ ಹೊಟ್ಟೆಯ ಉರಿ ನಾಲ್ಕು ಪಟ್ಟಾಗುವುದನ್ನು ಅಂದು ಸ್ವತಃ ಕಂಡೆ.

ತಾಳಲಾರದೆ ಕೇಳಿಯೇಬಿಟ್ಟೆ: "ನಿಮ್ಮಪ್ಪನೂ ಕೆಮಿಸ್ಟ್ರಿನಽ ಕಲಸ್ತಾನವಾ. ನನ್ನ ಯಾಕ ಕೇಳಂಗಿಲ್ಲ?"

"ಅಪ್ಪಾ, ನಾ ಅರ್ಧ ಕೇಳೂದ್ರಾಗ ನೀ ಪೂರಾ ಹೇಳಿ ಮುಗಿಸಿರ್ತಿ. ಮೇಡಂ ಹಂಗಲ್ಲ. 'ನೀನಽ ಮಾಡಿ ನೋಡವಾ' ಅಂದು ಸುಮ್ಮನ ಇರ್ತಾರ."

ಅಂದರೆ ಎಲ್ಲವನ್ನೂ ಬದಲಿಸಿ ನೋಡಿದ್ದೆ, ನನ್ನ ಬಾಯೊಂದನ್ನು ಬಿಟ್ಟು. ಆ ಸಂಜೆ ಅವಳು ಲೆಕ್ಕಕ್ಕೆ ಕೂತಾಗ ನಾನು ಬಾಯಿ ತುಂಬ ಎಲೆ ಅಡಿಕೆ ಒತ್ತಿಕೊಂಡು ಎದುರಿಗೆ ಕೂತೆ. ಮೊದಲ ಸಾಲಲ್ಲೇ ತಪ್ಪಿದಳು. ಜೀವ ಬಾಯಿಗೆ ಬಂತು, ಆದರೆ ಅಲ್ಲಿ ಜಾಗವಿರಲಿಲ್ಲ. ಅಳಿಸಿದಳು, ಪೆನ್ಸಿಲು ಕಚ್ಚಿದಳು, ಮತ್ತೆ ಬರೆದಳು. ಆಮೇಲೆ ಅದನ್ನೂ ಅದರ ಮುಂದಿನದನ್ನೂ ಸರಸರ ಬಿಡಿಸಿಬಿಟ್ಟಳು! ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ, ನಾನು ಸೊನ್ನೆ ಆರ್ಡರಿನವನು ಎಂದು ಇಷ್ಟು ದಿನ ಕೊರಗಿದ್ದೆ. ಪಾಠದ ಕೊನೆಗೆ ನಾನು ಅವಸರದಲ್ಲಿ ಹಾರಿಸಿಬಿಡುವ ಇನ್ನೊಂದು ಜಾತಿ ಇದೆ, ಮೈನಸ್ ಆರ್ಡರ್. ಆ ವಸ್ತು ಹೆಚ್ಚಾದಷ್ಟೂ ಕ್ರಿಯೆ ನಿಧಾನವಾಗುತ್ತದೆ. ನಾನು ಆ ಜಾತಿಯವನು.

ಶಾಬಾಸ್ ಅನ್ನೋಣವೆಂದು ಹಿತ್ತಲಿಗೆ ಓಡಿ ಎಲೆ ಉಗುಳಿ, ಬಾಯಿ ಮುಕ್ಕಳಿಸಿ ಬಂದೆ. ಅಷ್ಟರಲ್ಲಿ ಅವಳ ಕೈಯಲ್ಲಿ ಫೋನಿತ್ತು.

"ಮೇಡಂ, ಲೆಕ್ಕ ಬಂತ್ರಿ! ನೀವ ಹೇಳಿದಂಗ ನಾನಽ ಮಾಡಿದ್ನಿ. ಅಪ್ಪಾರಿ? ಇಲ್ರಿ, ಅಪ್ಪಾ ಏನೂ ಮಾಡ್ಲಿಲ್ರಿ. ಸುಮ್ನ ಎಲಿ ಅಡಿಕಿ ತಿನ್ಕೋತ ಕುಂತಿದ್ರು."

ಏನೂ ಮಾಡದೆ ಕೂರಲು ನಾನು ಪಟ್ಟ ಕಷ್ಟ ನನ್ನ ದವಡೆಗಷ್ಟೇ ಗೊತ್ತು.