ಒಂಬತ್ತು ನಿಮಿಷದ ಕಂಪ್ಯೂಟರು

ಹೊಸ ವಸ್ತುವಿನ ಆಯುಸ್ಸು ಅದರ ಮೇಲಿನ ಪ್ಲಾಸ್ಟಿಕ್ಕಿನಲ್ಲಿದೆ ಎಂದು ನಂಬಿದ ವಂಶ ನಮ್ಮದು. ಮೈಸೂರಿನಲ್ಲಿ ನಮ್ಮಪ್ಪ ಒಂದು ಸ್ಕೂಟರ್ ಕೊಂಡಿದ್ದರು. ಷೋರೂಮಿನಿಂದ ಸೀಟಿನ ಮೇಲೆ ಬಂದ ಪ್ಲಾಸ್ಟಿಕ್ ಕವರನ್ನು ಒಂಬತ್ತು ವರ್ಷ ತೆಗೆಯಲಿಲ್ಲ. ಹರಿದ ಕಡೆ ಟೇಪು ಅಂಟಿಸಿದರು. ಚಡ್ಡಿ ಹಾಕಿಕೊಂಡು ಬೇಸಿಗೆಯಲ್ಲಿ ಹಿಂದೆ ಕೂತರೆ, ಇಳಿಯುವಾಗ ತೊಡೆಯ ಚರ್ಮ ಸ್ವಲ್ಪ ಅಲ್ಲೇ ಉಳಿದುಬಿಡುತ್ತಿತ್ತು. ಕಡೆಗೆ ಸ್ಕೂಟರ್ ಮಾರುವ ದಿನ ಅಪ್ಪ ಆ ಕವರನ್ನು ಕಿತ್ತು, "ನೋಡಿ, ಸೀಟು ಹೇಗಿದೆ, ನಿನ್ನೆ ತಂದ ಹಾಗಿದೆ" ಎಂದು ಹೆಮ್ಮೆಯಿಂದ ತೋರಿಸಿದರು. ಕೊಂಡವರು ಸೀಟನ್ನು ಸವರಿ ನೋಡಿ, ಮೆಚ್ಚಿ, "ಕವರ್ ಎಲ್ಲಿ ಸ್ವಾಮಿ? ಅದನ್ನೂ ಕೊಡಿ, ಹಾಕ್ಕೊಂಡ್ಬಿಡ್ತೀನಿ" ಎಂದರು. ಒಂಬತ್ತು ವರ್ಷ ನಾವು ಯಾರಿಗಾಗಿ ಕಷ್ಟಪಟ್ಟೆವು ಎಂಬುದು ನನಗೆ ಇವತ್ತಿಗೂ ತಿಳಿದಿಲ್ಲ.

ನಾನು ಆ ಅಪ್ಪನ ಮಗ. ನ್ಯೂಜೆರ್ಸಿಯ ಸಮರ್‌ಸೆಟ್ಟಿಗೆ ಬಂದು ಹತ್ತೊಂಬತ್ತು ವರ್ಷವಾದರೂ ನಮ್ಮ ಟಿ.ವಿ. ರಿಮೋಟು ಪ್ಲಾಸ್ಟಿಕ್ ಚೀಲದೊಳಗೇ ಇದೆ. ಮೈಕ್ರೋವೇವಿನ ಗುಂಡಿಗಳ ಮೇಲಿನ ತೆಳು ಪೊರೆ ಹಾಗೇ ಇದೆ. ಬೇಸ್‌ಮೆಂಟಿನ ಕಂಪ್ಯೂಟರ್ ಪರದೆಯ ಮೇಲಿನ ಪೊರೆಯಂತೂ ಮೂಲೆಗಳಲ್ಲಿ ಗುಳ್ಳೆಯೆದ್ದು ನಿಂತಿದೆ. ಅಕ್ಷರ ಮಸುಕಾಗಿ ಕಾಣುತ್ತವೆ ಎಂದು ನಾನು ಎರಡು ಸಲ ಕನ್ನಡಕ ಬದಲಾಯಿಸಿದೆನೇ ಹೊರತು ಆ ಪೊರೆಯ ತಂಟೆಗೆ ಹೋಗಲಿಲ್ಲ.

ಈ ಕಂಪ್ಯೂಟರ್ ನನ್ನದಲ್ಲ, ನನ್ನ ಹೆಂಡತಿ ಶೈಲಾಳದು. ಅವಳು ಬೇಸ್‌ಮೆಂಟಿನಲ್ಲಿ ಒಂದು ಎಂಬ್ರಾಯ್ಡರಿ ಮೆಷಿನ್ ಇಟ್ಟುಕೊಂಡು ಸುತ್ತಮುತ್ತಲಿನ ಹೆಂಗಸರಿಗೆಲ್ಲ ಬ್ಲೌಸ್ ಹೊಲಿದುಕೊಡುತ್ತಾಳೆ. ಡಿಸೈನ್ ಕಂಪ್ಯೂಟರಿನಲ್ಲಿ ಬರೆಯಬೇಕು. ಒಂದು ಪ್ರೋಗ್ರಾಮು ಆ ಚಿತ್ರವನ್ನು ಸೂಜಿಗೆ ಅರ್ಥವಾಗುವ ಹೊಲಿಗೆಗಳಾಗಿ ಮಾಡಿಕೊಡುತ್ತದೆ. ಅದನ್ನು ಪೆನ್‌ಡ್ರೈವಿನಲ್ಲಿ ಹಾಕಿ ಮೆಷಿನ್ನಿಗೆ ಚುಚ್ಚಿದರೆ ನವಿಲೂ ಬರುತ್ತದೆ, ಗಂಡಭೇರುಂಡವೂ ಬರುತ್ತದೆ. ತೊಂದರೆಯೆಂದರೆ ಆ ಪ್ರೋಗ್ರಾಮು ಮಾಡಿದ ಕಂಪನಿ ಯಾವತ್ತೋ ಬಾಗಿಲು ಹಾಕಿದೆ. ಹೊಸ ಕಂಪ್ಯೂಟರುಗಳು ಅದನ್ನು ಒಳಗೇ ಬಿಟ್ಟುಕೊಳ್ಳುವುದಿಲ್ಲ. ಹಾಗಾಗಿ ಹನ್ನೊಂದು ವರ್ಷದ ಆ ಡಬ್ಬವೇ ಅವಳಿಗೆ ಗತಿ. ಅದೋ, ಬೆಳಿಗ್ಗೆ ಗುಂಡಿ ಒತ್ತಿ ಮೇಲೆ ಹೋಗಿ ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಸಿಕೊಂಡು, ಕಾಫಿ ಕುಡಿದು, ಲೋಟ ತೊಳೆದಿಟ್ಟು ಬರುವ ಹೊತ್ತಿಗೆ ಕಣ್ಣು ಬಿಡುತ್ತಿತ್ತು. ಒಳಗಿನ ಫ್ಯಾನು ಹಿಟ್ಟಿನ ಗಿರಣಿಯ ಹಾಗೆ ಸದ್ದು ಮಾಡುತ್ತಿತ್ತು.

ಹೋದ ಫೆಬ್ರವರಿಯಲ್ಲಿ ಲಾಂಗ್ ಐಲೆಂಡಿನ ಜೆರಿಕೋದಿಂದ ನಮಗೆ ಪರಿಚಯದ ಮಾಲತಿ ಆಂಟಿ ಫೋನ್ ಮಾಡಿದರು. ಅವರ ಮಗಳ ಮದುವೆ. ಅಜ್ಜಿಯ ಧಾರೆ ಸೀರೆಯನ್ನೇ ಹುಡುಗಿ ಉಡುವವಳು, ಆದರೆ ಅದರ ಜೊತೆಯ ರವಿಕೆ ಎಂದೋ ಚಿಂದಿಯಾಗಿತ್ತು. ಸೀರೆಯ ಅಂಚಿನಲ್ಲಿದ್ದ ಬಳ್ಳಿಯನ್ನೇ ಹೊಸ ಬ್ಲೌಸಿನ ಮೇಲೆ ತರಬೇಕು. ಶೈಲಾ ಮೂರು ವಾರ ಕೂತು ಆ ಬಳ್ಳಿಯನ್ನು ಎಲೆ ಎಲೆಯಾಗಿ ಕಂಪ್ಯೂಟರಿನಲ್ಲಿ ಬರೆದಳು. ಶನಿವಾರ ತಂದುಕೊಡುತ್ತೇನೆಂದು ಮಾತು ಕೊಟ್ಟಳು. ಉಳಿದದ್ದು ಅದನ್ನು ಪ್ರೋಗ್ರಾಮಿನಿಂದ ಹೊಲಿಗೆಗಳಾಗಿ ಮಾಡಿಸುವ ಕೆಲಸ ಮಾತ್ರ. ಹಳೆಯ ಕಂಪ್ಯೂಟರ್ ಅದಕ್ಕೆ ಮುಕ್ಕಾಲು ಗಂಟೆ ತೆಗೆದುಕೊಳ್ಳುತ್ತಿತ್ತು. ನಿಧಾನ, ಆದರೆ ಮಾಡುತ್ತಿತ್ತು. ಈ ಮಾತನ್ನು ಓದುಗರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು, ಏಕೆಂದರೆ ಮುಂದಿನ ವಾರವೆಲ್ಲ ಶೈಲಾ ಅದನ್ನು ನನಗೆ ನೆನಪಿಸುತ್ತಿದ್ದಳು.

ನನಗೆ ಸುಮ್ಮನಿರಲಾಗಲಿಲ್ಲ. ನಾನು ಕಂಪ್ಯೂಟರ್ ಉದ್ಯೋಗದಲ್ಲಿರುವವನು. ನಿಜ ಹೇಳಬೇಕೆಂದರೆ, ಇಷ್ಟು ವರ್ಷಗಳಲ್ಲಿ ನಾನು ಆಫೀಸಿನಲ್ಲಿ ಮಾಡಿರುವುದು ಮೀಟಿಂಗು, ಬರೆದಿರುವುದು ಇನ್ನೊಬ್ಬರು ಏನು ಮಾಡಬೇಕೆಂಬ ಪಟ್ಟಿ. ಕಂಪ್ಯೂಟರಿನ ಹೊಟ್ಟೆಯೊಳಗೆ ಏನಿರುತ್ತದೆ ಎಂದು ಕಣ್ಣಾರೆ ಕಂಡವನಲ್ಲ. ಆದರೂ ಎರಡು ವಿಡಿಯೋ ನೋಡಿದೆ. ಅವುಗಳಲ್ಲಿ ಬರುವವರು ಎಷ್ಟು ನಗುನಗುತ್ತ ಸ್ಕ್ರೂ ಬಿಚ್ಚುತ್ತಾರೆಂದರೆ, ಇದನ್ನು ಮಾಡದಿದ್ದವನೇ ದಡ್ಡ ಅನ್ನಿಸುತ್ತದೆ. "ಹೊಸ ಡಿಸ್ಕು, ಇನ್ನಷ್ಟು ಮೆಮೊರಿ, ಒಂದು ಒಳ್ಳೆ ಫ್ಯಾನು. ನೂರು ಡಾಲರ್ ಒಳಗೆ ಕಂಪ್ಯೂಟರ್‌ಗೆ ಮರುಜನ್ಮ" ಎಂದು ಘೋಷಿಸಿದೆ.

"ಶನಿವಾರ ಆಗ್ಲಿ ರೀ, ಆಮೇಲೆ ಮಾಡಿ" ಎಂದಳು ಶೈಲಾ.

"ಒಂದು ಸಂಜೆ ಕೆಲಸ ಕಣೇ. ನಿನ್ನ ಬಳ್ಳಿ ಹದಿನೈದು ನಿಮಿಷಕ್ಕೆ ಆಗಿಹೋಗತ್ತೆ, ನೋಡ್ತಿರು."

ಭಾನುವಾರ ತರಕಾರಿಗೆಂದು, ನಮ್ಮ ದೇಶದ ಅಂಗಡಿಗಳೇ ತುಂಬಿರುವ ಐಸೆಲಿನ್ನಿಗೆ ಹೋದಾಗ ಇಮ್ತಿಯಾಜ್ ಭಾಯ್ ಅಂಗಡಿಗೆ ಹೋದೆ. ಇವರೂ ಮೈಸೂರಿನವರೇ, ಮಂಡಿ ಮೊಹಲ್ಲಾದವರು. ಓಕ್ ಟ್ರೀ ರಸ್ತೆಯ ಒಂದು ಪಕ್ಕದ ಬೀದಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತ ಸೆಕೆಂಡ್‌ಹ್ಯಾಂಡ್ ಬಿಡಿಭಾಗಗಳನ್ನು ಮಾರುತ್ತಾರೆ. ಬೇಕಾದುದನ್ನೆಲ್ಲ ಹುಡುಕಿಕೊಟ್ಟು, ಫ್ಯಾನು ಮಾತ್ರ ಹೊಸದೇ ಇರಲಿ ಎಂದರು. "ಡಬ್ಬ ತಂದ್ಬಿಡಿ ಸಾರ್, ನಾನೇ ಕೂರಿಸ್ಕೊಡ್ತೀನಿ. ಅರ್ಧ ಗಂಟೆ ಕೆಲಸ" ಎಂದೂ ಹೇಳಿದರು. ಆಗ ಹೂಂ ಎಂದಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ. ನಾನು ಸ್ವಲ್ಪ ಬಿಗುಮಾನದಿಂದ, "ಬೇಡ ಭಾಯ್, ನಾನೂ ಇದೇ ಫೀಲ್ಡಲ್ಲಿರೋನು" ಎಂದೆ. ಅವರು ನನ್ನನ್ನೊಮ್ಮೆ ನೋಡಿ ಚೀಟಿ ಬರೆದುಕೊಟ್ಟರು.

ಸೋಮವಾರ ಸಂಜೆ ಊಟದ ಮೇಜಿನ ಮೇಲೆ ಹಳೆಯ ಬೆಡ್‌ಶೀಟ್ ಹಾಸಿ ಶಸ್ತ್ರಚಿಕಿತ್ಸೆ ಶುರುಮಾಡಿದೆ. ಹನ್ನೊಂದು ವರ್ಷದ ಧೂಳು, ಬಣ್ಣಬಣ್ಣದ ದಾರದ ಎಳೆಗಳು, ಒಂದು ಹುಕ್ಕು, ಕಳೆದುಹೋಯಿತೆಂದು ನಾವು ಎಂದೋ ಕೈಬಿಟ್ಟಿದ್ದ ಒಂದು ಮೂಗುಬೊಟ್ಟಿನ ತಿರುಪು ಹೊರಬಂದವು. ಹಳೆಯ ಡಿಸ್ಕಿನಲ್ಲಿದ್ದುದನ್ನೆಲ್ಲ ಹೊಸದಕ್ಕೆ ನಕಲು ಮಾಡಿದೆ. ಮೆಮೊರಿಯನ್ನು ಕಟಕ್ ಎನ್ನಿಸಿ ಕೂರಿಸಿದೆ. ಹಳೆಯ ಫ್ಯಾನನ್ನು ಎಳೆಯುವಾಗ ಅದರ ಎರಡು ಕಿವಿಗಳು ಮುರಿದವು, ಇನ್ನು ಅದು ಬೇಕಿಲ್ಲವಲ್ಲ ಎಂದು ಕಸದ ಡಬ್ಬಿಗೆ ಹಾಕಿದೆ. ಪ್ರೊಸೆಸರಿನ ಮೇಲೆ, ಅದರ ಶಾಖ ಫ್ಯಾನಿಗೆ ದಾಟಲೆಂದು, ವಿಡಿಯೋದಲ್ಲಿ ಹೇಳಿದಂತೆ ಬೂದು ಬಣ್ಣದ ಪೇಸ್ಟನ್ನು, ಮಸಾಲೆ ದೋಸೆಗೆ ಕೆಂಪು ಚಟ್ನಿ ಸವರುವ ಹಾಗೆ ಹದವಾಗಿ ಸವರಿದೆ. ಹೊಸ ಫ್ಯಾನಿನ ತಾಮ್ರದ ತಳ ಕನ್ನಡಿಯ ಹಾಗೆ ಫಳಫಳ ಹೊಳೆಯುತ್ತಿತ್ತು. ಅದಕ್ಕೆ ಒಂದು ಗೀರೂ ಬೀಳದಂತೆ ಜೋಪಾನವಾಗಿ ಕೂರಿಸಿ ಸ್ಕ್ರೂ ಬಿಗಿದೆ.

ಗುಂಡಿ ಒತ್ತಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಪರದೆ ಬೆಳಗಿತು! ಫ್ಯಾನಿನ ಸದ್ದೇ ಇಲ್ಲ. ಶೈಲಾ ನನ್ನನ್ನು ಆ ರೀತಿ ನೋಡಿ ಹದಿನೆಂಟು ವರ್ಷವಾಗಿತ್ತು. ಅವಳು ಬಳ್ಳಿಯನ್ನು ತೆರೆದು ಹೊಲಿಗೆ ಮಾಡುವ ಗುಂಡಿ ಒತ್ತಿದಳು. ಪರದೆಯ ಮೇಲಿನ ಹಸಿರು ಪಟ್ಟಿ ಸರಸರ ಮುಂದೆ ಹೋಯಿತು. ಸರಿಯಾಗಿ ಒಂಬತ್ತು ನಿಮಿಷಕ್ಕೆ ಟಪ್ ಎಂದು ಕಂಪ್ಯೂಟರ್ ಆರಿಹೋಯಿತು.

ಮತ್ತೆ ಹಚ್ಚಿದೆವು. ಮತ್ತೆ ಒಂಬತ್ತು ನಿಮಿಷ. ಬಳ್ಳಿಗೆ ಬೇಕಾದದ್ದು ಹದಿನೈದು, ಕಂಪ್ಯೂಟರಿನ ಆಯುಸ್ಸು ಒಂಬತ್ತು. ಅರ್ಧಕ್ಕೆ ನಿಂತ ಕೆಲಸವನ್ನು ಆ ಪ್ರೋಗ್ರಾಮು ಮುಂದುವರಿಸುವುದಿಲ್ಲ, ಮೊದಲಿನಿಂದಲೇ ಶುರು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಗಿತ್ತು ನನ್ನ ಕಥೆ.

ಮಂಗಳವಾರ ಮತ್ತು ಬುಧವಾರ ನಾನು ಮಾಡಿದ ಪ್ರಯೋಗಗಳಿಗೆ ಲೆಕ್ಕವಿಲ್ಲ. ಗೋಡೆಯ ಪ್ಲಗ್ ಬದಲಾಯಿಸಿದೆ. ಮೆಮೊರಿಯ ಜಾಗ ಅದಲುಬದಲು ಮಾಡಿದೆ. ಒಳಗಿನ ಶಾಖ ತೋರಿಸುವ ಒಂದು ಪ್ರೋಗ್ರಾಮು ಹಾಕಿ ನೋಡಿದರೆ ಅಂಕಿಗಳು ಕೆಂಪಗೆ ಕುದಿಯುತ್ತಿದ್ದವು. ಓಹೋ, ಸೆಕೆ! ಡಬ್ಬದ ಬಾಗಿಲು ತೆಗೆದು ಎದುರಿಗೆ ಟೇಬಲ್ ಫ್ಯಾನ್ ಇಟ್ಟೆ. ಹತ್ತು ನಿಮಿಷಕ್ಕೆ ಬಂತು. ಹೊರಗೆ ಹಿಮ ಬಿದ್ದಿತ್ತು, ಬೇಸ್‌ಮೆಂಟಿನ ಕಿಟಕಿಯನ್ನೂ ತೆರೆದೆ. ಹನ್ನೊಂದೂವರೆ! ಶೈಲಾ ಸ್ವೆಟರಿನ ಮೇಲೆ ಜ್ಯಾಕೆಟ್ಟು, ತಲೆಗೆ ನನ್ನ ಮಂಕಿ ಕ್ಯಾಪು ಹಾಕಿಕೊಂಡು, ಕೈಗವಸಿನಲ್ಲೇ ಮೌಸ್ ಹಿಡಿದು ಕೂತಿದ್ದಳು. ಹನ್ನೆರಡನೆಯ ನಿಮಿಷಕ್ಕೆ ಕಂಪ್ಯೂಟರ್ ಆರಿದಾಗ ಅವಳು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮೆಲ್ಲಗೆ, "ಆಂಟಿಗೆ ಏನಂತ ಹೇಳ್ಲಿ ರೀ? ಆ ಹುಡುಗಿ ಅಜ್ಜಿ ಸೀರೆ ಫೋಟೋನ ದಿನಾ ಕಳಿಸ್ತಿದ್ದಾಳೆ" ಎಂದಳು. ಅವಳ ಮೂಗು ಕೆಂಪಾಗಿತ್ತು. ಅದು ಚಳಿಗೋ ಬೇರೆಯದಕ್ಕೋ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಹಳೆಯ ಫ್ಯಾನನ್ನಾದರೂ ಹಾಕೋಣವೆಂದರೆ ಅದು ಮುರಿದ ಕಿವಿಯೊಂದಿಗೆ ಮುನಿಸಿಪಾಲಿಟಿಯ ಲಾರಿ ಏರಿ ಹೋಗಿಯಾಗಿತ್ತು. ಜೀವನದಲ್ಲಿ ಮೊದಲ ಸಲ ನನಗೆ ನನ್ನ ಮೇಲೆ ನಿಜವಾಗಿ ಸಿಟ್ಟು ಬಂತು.

ಗುರುವಾರ ಆಫೀಸಿನಿಂದ ಬೇಗ ಬಂದು ಕಂಪ್ಯೂಟರ್ ಡಬ್ಬವನ್ನು ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿ, ಸೀಟ್ ಬೆಲ್ಟ್ ಹಾಕಿ, ಮುಂದೆ ನಾವಿಬ್ಬರೂ ಕೂತು ಐಸೆಲಿನ್ನಿಗೆ ಹೋದೆವು. ಆಸ್ಪತ್ರೆಗೆ ಹೋಗುವವರ ಹಾಗಿದ್ದೆವು.

ಇಮ್ತಿಯಾಜ್ ಭಾಯ್ ರೋಗದ ವಿವರ ಕೇಳಿ, "ಒಂಬತ್ತು ನಿಮಿಷನಾ?" ಎಂದರು. ನಾಲ್ಕು ಸ್ಕ್ರೂ ಬಿಚ್ಚಿ ನನ್ನ ಫ್ಯಾನನ್ನು ಎತ್ತಿ ತಲೆಕೆಳಗು ಮಾಡಿದರು. ಅವರ ಭುಜ ಎರಡು ಸಲ ಅಲುಗಾಡಿತು. ಸದ್ದಿಲ್ಲದೆ ನಗುತ್ತಿದ್ದರು. ಆಮೇಲೆ ಉಗುರಿನಿಂದ ಒಂದು ಮೂಲೆಯನ್ನು ಎಬ್ಬಿಸಿ ಚರ್ರನೆ ಎಳೆದರು. ತಾಮ್ರದ ತಳದಿಂದ ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದಾದ ಒಂದು ಪಾರದರ್ಶಕ ಪ್ಲಾಸ್ಟಿಕ್ ಪೊರೆ ಕಿತ್ತುಬಂತು. ಶಾಖಕ್ಕೆ ಅಂಚು ಸುರುಟಿತ್ತು. ಮೇಲೆ ಕೆಂಪು ಇಂಗ್ಲಿಷ್ ಅಕ್ಷರದಲ್ಲಿ, ಬಳಸುವ ಮುನ್ನ ಇದನ್ನು ತೆಗೆಯಿರಿ ಎಂದಿತ್ತು.

"ಇದು ಇದ್ರೆ ಶಾಖ ಮೇಲಕ್ಕೆ ಹೋಗಲ್ಲ ಸಾರ್. ಸೆಕೇಲಿ ರೇನ್‌ಕೋಟ್ ಹಾಕ್ಕೊಂಡು ಓಡ್ದಂಗೆ" ಎಂದರು.

"ನೋಡ್ಲಿಲ್ವಾ ನೀವು?" ಎಂದಳು ಶೈಲಾ.

ಇಲ್ಲಿ ನಾನು ಸುಳ್ಳು ಹೇಳಬಹುದಿತ್ತು. ಆದರೆ ನೋಡಿದ್ದೆ. ಓದಿಯೂ ಇದ್ದೆ. ನಮ್ಮ ಮನೆಯ ಪ್ರತಿಯೊಂದು ಸಾಮಾನಿನ ಮೇಲೂ ಹಾಗೇ ಬರೆದಿರುತ್ತದೆ, ಅದನ್ನು ಪಾಲಿಸಿದವರು ಯಾರು? ಅಷ್ಟು ಚೆನ್ನಾಗಿ ಹೊಳೆಯುವ ತಾಮ್ರಕ್ಕೆ ಪೇಸ್ಟ್ ಮೆತ್ತಿಕೊಳ್ಳುತ್ತದಲ್ಲ ಎಂದು ಕರುಳು ಚುರ್ ಎಂದು, ಪೊರೆ ಇದ್ದರೆ ಇರಲಿ ಎಂದುಕೊಂಡಿದ್ದೆ. "ಹೊಸದು, ಹಾಳಾಗದೆ ಇರ್ಲಿ ಅಂತ" ಎಂದೆ.

"ಬೇಜಾರ್ ಮಾಡ್ಕೋಬೇಡಿ. ಈ ಕೇಸಲ್ಲಿ ನೀವು ನಾಲ್ಕನೆಯವರು. ಎಲ್ಲಾ ನಮ್ಮೂರ ಕಡೆಯೋರೇ" ಎಂದು ಭಾಯ್ ಸಮಾಧಾನ ಹೇಳಿ, ಪ್ಲಾಸ್ಟಿಕ್ ಕವರಿನಲ್ಲಿದ್ದ ತಮ್ಮ ಕ್ಯಾಲ್ಕುಲೇಟರನ್ನು ಬದಿಗೆ ಸರಿಸಿ ಕೆಲಸಕ್ಕೆ ಕೂತರು. ಹಳೆಯ ಪೇಸ್ಟ್ ಒರೆಸಿ, ಹೊಸದು ಹಚ್ಚಿ, ಫ್ಯಾನ್ ಬಿಗಿದು, ತಮ್ಮ ಪರದೆಗೆ ಜೋಡಿಸಿ ಕಂಪ್ಯೂಟರ್ ಶುರುಮಾಡಿದರು. ಶೈಲಾ ಅಲ್ಲೇ ಬಳ್ಳಿಯನ್ನು ತೆರೆದು ಗುಂಡಿ ಒತ್ತಿದಳು. ಏಳು, ಎಂಟು. ಒಂಬತ್ತನೆಯ ನಿಮಿಷದಲ್ಲಿ ನಾವು ಮೂವರೂ ಉಸಿರಾಡಲಿಲ್ಲ. ಹತ್ತು. ಹನ್ನೆರಡು. ಹದಿನಾಲ್ಕನೆಯ ನಿಮಿಷಕ್ಕೆ ಹಸಿರು ಪಟ್ಟಿ ಆ ಕೊನೆ ಮುಟ್ಟಿತು. ಅಜ್ಜಿಯ ಬಳ್ಳಿ ಪೆನ್‌ಡ್ರೈವಿಗೆ ಇಳಿಯಿತು. ಶೈಲಾ ಪಕ್ಕದ ಸ್ಟೂಲಿನ ಮೇಲೆ ಕುಸಿದು ಕೂತು ಸೆರಗಿಲ್ಲದಿದ್ದರಿಂದ ಜ್ಯಾಕೆಟ್ಟಿನ ತೋಳಿನಲ್ಲೇ ಕಣ್ಣೊರೆಸಿಕೊಂಡಳು. ನನಗೆ ಎದೆಯ ಮೇಲಿನ ರುಬ್ಬುಗುಂಡನ್ನು ಯಾರೋ ಎತ್ತಿಟ್ಟ ಹಾಗಾಯಿತು. ಭಾಯ್ ದುಡ್ಡು ತೆಗೆದುಕೊಳ್ಳಲಿಲ್ಲ. ಆ ಪೊರೆಯನ್ನು ಒರೆಸಿ ನನ್ನ ಕೈಗಿಟ್ಟು, "ಇಟ್ಕೊಳಿ ಸಾರ್, ಜ್ಞಾಪಕಕ್ಕೆ. ನೀವೂ ಇದೇ ಫೀಲ್ಡಲ್ಲಿರೋರು" ಎಂದರು.

ಮನೆಗೆ ಬಂದವಳೇ ಶೈಲಾ ಕೋಟು ಸಹ ಬಿಚ್ಚದೆ ರಿಮೋಟು, ಮೈಕ್ರೋವೇವು, ಕಂಪ್ಯೂಟರ್ ಪರದೆ ಎಲ್ಲದರ ಪೊರೆಯನ್ನೂ ಚರಚರ ಕಿತ್ತುಹಾಕಿದಳು. ಪರದೆಯಲ್ಲಿ ಅಕ್ಷರಗಳು ಎಷ್ಟು ನಿಚ್ಚಳವಾಗಿ ಕಂಡವೆಂದರೆ, ನನ್ನ ಕಣ್ಣಿನ ಡಾಕ್ಟರರಿಗೆ ಫೋನ್ ಮಾಡಿ ಕ್ಷಮೆ ಕೇಳೋಣವೆನ್ನಿಸಿತು. "ಈ ಮನೇಲಿ ಇನ್ನು ಯಾವ ಪ್ಲಾಸ್ಟಿಕ್ಕೂ ಉಳಿಯಕೂಡದು" ಎಂದಳು. ನಾನು ತುಂಬು ಮನಸ್ಸಿನಿಂದ ಒಪ್ಪಿದೆ.

ಶುಕ್ರವಾರ ಇಡೀ ದಿನ ಮೆಷಿನ್ ಓಡಿತು. ಶನಿವಾರ ಮಧ್ಯಾಹ್ನ ನಾವು ಜೆರಿಕೋದಲ್ಲಿದ್ದೆವು. ಶೈಲಾ ಬ್ಲೌಸಿನ ಪಾರದರ್ಶಕ ಕವರನ್ನು ತಾನೇ ತೆಗೆದು ಸೋಫಾದ ಮೇಲೆ ಎಸೆದು, ಬ್ಲೌಸನ್ನು ಹುಡುಗಿಯ ಕೈಗೆ ಕೊಟ್ಟಳು. ಅವಳು ಒಳಗೆ ಹೋಗಿ ಅಜ್ಜಿಯ ಸೀರೆಯ ಜೊತೆ ತೊಟ್ಟು ಬಂದಾಗ ಸೀರೆಯ ಬಳ್ಳಿ ಎಲ್ಲಿ ಮುಗಿಯಿತು, ಬ್ಲೌಸಿನದು ಎಲ್ಲಿ ಶುರುವಾಯಿತು ಎಂದು ತಿಳಿಯುತ್ತಿರಲಿಲ್ಲ. "ಓ ಮೈ ಗಾಡ್, ಆಂಟಿ!" ಎಂದು ಹುಡುಗಿ ಶೈಲಾಳನ್ನು ತಬ್ಬಿಕೊಂಡಳು. ಮಾಲತಿ ಆಂಟಿ ಬಳ್ಳಿಯ ಮೇಲೆ ಬೆರಳಾಡಿಸಿ, "ನಮ್ಮಮ್ಮನ್ನೇ ನೋಡ್ದ ಹಾಗಾಯ್ತಮ್ಮ" ಎಂದು ಅತ್ತರು. ನಮ್ಮೆಲ್ಲರ ಕಣ್ಣೂ ಒದ್ದೆಯಾಯಿತು.

ಆಮೇಲೆ ಆಂಟಿ ಮೂಗೊರೆಸಿಕೊಂಡು, "ಶೈಲಾ, ಅದರ ಕವರ್ ಎಲ್ಲಮ್ಮ? ಕೊಡು, ಮದುವೆ ತನಕ ಅದರೊಳಗೇ ಇರ್ಲಿ, ಹೊಸದಾಗಿರತ್ತೆ" ಎಂದರು.

ಶೈಲಾ ಸೋಫಾ ನೋಡಿದಳು. ಸೋಫಾದ ಕೆಳಗೆ ನೋಡಿದಳು. ಕವರ್ ಇರಲಿಲ್ಲ. ಆಮೇಲೆ ನಿಧಾನವಾಗಿ ನನ್ನ ಕಡೆ ತಿರುಗಿದಳು. ನಾನು ಎದ್ದು ನಿಂತು ಪ್ಯಾಂಟಿನ ಜೇಬಿಗೆ ಕೈ ಹಾಕಿ, ಯಾವಾಗ ಎತ್ತಿಕೊಂಡೆನೆಂದು ನನಗೇ ಗೊತ್ತಿಲ್ಲದ, ನಾಲ್ಕು ಮಡಿಕೆಯಾಗಿ ನೀಟಾಗಿ ಮಡಿಸಿದ್ದ ಕವರನ್ನು ತೆಗೆದು ಆಂಟಿಗೆ ಕೊಟ್ಟೆ.