ಸೋಡಿಯಂ ಹಿಡಿದು ಅತ್ತೆಯ ಮನೆಗೆ

ರಸಾಯನಶಾಸ್ತ್ರ ಓದಿದವನಿಗೆ ಹೆದರಿಕೆ ಇರಬಾರದೆಂದು ನಾನು ಬಹಳ ವರ್ಷ ನಂಬಿದ್ದೆ. ಈಗಲೂ ಮುಕ್ಕಾಲುಪಾಲು ನಂಬುತ್ತೇನೆ. ರಾಯದುರ್ಗದ ಹೈಸ್ಕೂಲಿನಲ್ಲಿ ಸೈನ್ಸ್ ಮೇಷ್ಟ್ರಾಗಿದ್ದಾಗ ಆಸಿಡ್ ಬಿದ್ದು ತೂತಾಗದ ಪಂಚೆ ನನ್ನ ಹತ್ತಿರ ಒಂದೂ ಇರಲಿಲ್ಲ. ನೈಟ್ರಿಕ್ ಆಸಿಡ್ ತಗಲಿ ಹಳದಿಯಾದ ನನ್ನ ಬೆರಳುಗಳನ್ನು ನೋಡಿ ಯಾರಾದರೂ "ಮದಿವಿಗೆ ಹೋಗಿದ್ರೇನ್ರಿ, ಅರಿಷಿಣ ಹತ್ತೈತಿ" ಎಂದು ಕೇಳಿದರೆ ಹೌದೆಂದುಬಿಡುತ್ತಿದ್ದೆ. ವಿವರಿಸುವುದಕ್ಕಿಂತ ಅದು ಸುಲಭ. ಗಂಧಕದ ಹೊಗೆ ಕುಡಿದು ಕೆಮ್ಮಿದ್ದೇನೆ, ಕ್ಲೋರಿನ್ನಿಗೆ ಕಣ್ಣೀರು ಸುರಿಸಿದ್ದೇನೆ, ಆದರೆ ಹೆದರಿದ್ದು ನೆನಪಿಲ್ಲ. ಯಾವ ಸೀಸೆಯಲ್ಲಿ ಏನಿದೆ, ಅದಕ್ಕೆ ಯಾವುದು ಆಗುವುದಿಲ್ಲ ಎನ್ನುವುದೆಲ್ಲ ನನಗೆ ಬಾಯಿಪಾಠವಾಗಿತ್ತು.

ಎರಡನೆಯ ಮಹಾಯುದ್ಧದ ಕಾಲ. ಮದರಾಸಿನಿಂದ ರಾಸಾಯನಿಕಗಳು ಬರುವುದು ನಿಂತೇ ಹೋಗಿತ್ತು. ಮಡಕಶಿರಾದ ಶಾಲೆಯ ಹೆಡ್‌ಮಾಸ್ಟರು, ನಿಮ್ಮಲ್ಲಿದ್ದರೆ ಸ್ವಲ್ಪ ಸೋಡಿಯಂ ಕೊಡಿ ಎಂದು ನಮ್ಮ ಶಾಲೆಗೆ ಕಾಗದ ಬರೆದಿದ್ದರು. ನನ್ನ ಹೆಂಡತಿ ಶಾರದೆಯ ತವರು ಮಡಕಶಿರಾವೇ, ಅವಳು ಆಗ ಅಲ್ಲಿಯೇ ಇದ್ದಳು. ನಾನೇ ಒಯ್ಯುತ್ತೇನೆಂದೆ. ಸೋಡಿಯಂ ಎಂದರೆ ಚಾಕುವಿನಿಂದ ಕೊಯ್ಯಬಹುದಾದಷ್ಟು ಮೆತ್ತಗಿನ ಲೋಹ. ಕೊಯ್ದ ಕಡೆ ಬೆಳ್ಳಿಯಂತೆ ಹೊಳೆಯುತ್ತದೆ, ನೀರು ತಗಲಿದರೆ ಹೊತ್ತಿಕೊಳ್ಳುತ್ತದೆ. ಅದಕ್ಕೇ ಅದನ್ನು ಸೀಮೆಎಣ್ಣೆಯಲ್ಲಿ ಮುಳುಗಿಸಿ ಇಡುವುದು. ನಮ್ಮ ಅಟೆಂಡರ್ ಫಕೀರಪ್ಪ ಗೋಲಿಯಷ್ಟು ದಪ್ಪನೆಯ ನಾಲ್ಕು ತುಂಡುಗಳಿದ್ದ ಸೀಸೆಗೆ ಬಟ್ಟೆ ಸುತ್ತುತ್ತಾ, "ಮನ್ಯಾಗ ಎಲ್ಲಾರಿಗೂ ಹೇಳಿ ಇಡ್ರಿ ಸಾರ್, ಇದು ಇಂಥಾದ್ದು ಅಂತ" ಎಂದ.

"ಹೆಂಗಸರನ್ನ ಸುಮ್ಮನೆ ಯಾಕೆ ಹೆದರಿಸೋದು" ಎಂದೆ ನಾನು.

"ಹೆದರಿದ್ರ ಚಲೋನೇ ಅಲ್ರಿ" ಎಂದು ಅವನು ಗಂಟು ಬಿಗಿದ.

ಪೆಟ್ರೋಲಿಲ್ಲದೆ ಇದ್ದಿಲ ಹೊಗೆಯಿಂದ ಓಡುತ್ತಿದ್ದ ಬಸ್ಸುಗಳಲ್ಲಿ ಸೀಸೆಯನ್ನು ಎಳೆಗೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಮಡಕಶಿರಾ ತಲುಪಿದೆ. ಅತ್ತೆ ಗಂಗಮ್ಮನವರ ಮನೆಯ ನಡುಮನೆ ಗೂಡಿನಲ್ಲಿ, ಸುತ್ತಿದ್ದ ಬಟ್ಟೆ ಬಿಚ್ಚಿ, ಅದನ್ನಿಟ್ಟೆ. ಇಂಗ್ಲಿಷಿನಲ್ಲಿ ಅಪಾಯವೆಂದು ಬರೆದಿದ್ದ ಚೀಟಿಯನ್ನು ಎಲ್ಲರಿಗೂ ಕಾಣುವಂತೆ ಈಚೆಗೆ ತಿರುಗಿಸಿದ್ದೂ ಉಂಟು. ಆ ಮನೆಯಲ್ಲಿ ಇಂಗ್ಲಿಷ್ ಓದಬಲ್ಲವನು ನಾನೊಬ್ಬನೇ. ಊಟ ಮುಗಿಸಿ, ಮೊದಲು ಹೆಡ್‌ಮಾಸ್ಟರನ್ನು ಕಂಡು ಬರುತ್ತೇನೆ, ಸೀಸೆ ಆಮೇಲೆ ಒಯ್ದರಾಯಿತು ಎಂದು ಹೊರಟೆ. ಅವರು ಅಗಳಿ ಎಂಬ ಹಳ್ಳಿಗೆ ಹೋಗಿದ್ದರು, ಬರುವುದು ಮರುದಿನವೇ ಎಂದು ತಿಳಿಯಿತು. ಅಲ್ಲಿದ್ದ ಮೇಷ್ಟ್ರುಗಳೊಡನೆ ಸಂಜೆಯವರೆಗೆ ಹರಟಿ ಹಿಂದಿರುಗಿದೆ.

ಬಾಗಿಲಲ್ಲಿ ಕೈಕಾಲು ತೊಳೆದು ಒಳಗೆ ಬಂದರೆ ನಡುಮನೆಯಲ್ಲಿ ಲಾಟೀನು ಜಗಜಗ ಉರಿಯುತ್ತಿತ್ತು. ಸೀಮೆಎಣ್ಣೆಗೆ ರೇಷನ್ ಕಾರ್ಡು ಹಿಡಿದು ಕಾಯುವ ದಿನಗಳವು. ನೆರೆಮನೆಯವರಿಬ್ಬರು ಆ ಬೆಳಕನ್ನು ನೋಡಲೆಂದೇ ಬಂದು ಕೂತಿದ್ದರು.

"ಎಣ್ಣೆ ಎಲ್ಲಿ ಸಿಕ್ಕಿತು?" ಎಂದು ಕೇಳಿದೆ.

"ನೀವೇ ತಂದ್ರಲ್ಲ ಅಳಿಯಂದ್ರೆ" ಎಂದರು ಅತ್ತೆ. "ಕಾರ್ಡಿನ ಎಣ್ಣೆ ತೀರಿ ಎಂಟು ದಿನ ಆಗಿತ್ತು. ಬಾಯಿಬಿಟ್ಟು ಕೇಳ್ದೇನೇ ತಿಳ್ಕಂಡು ತಂದವ್ರೆ ಅಂತ ಇವ್ರಿಗೂ ಹೇಳ್ತಿದ್ದೆ."

ನಾನು ಗೂಡಿನ ಕಡೆ ನೋಡಿದೆ. "ಸೀಸೆಯ ತಳದಲ್ಲಿ ಏನೋ ಇತ್ತಲ್ಲ?"

ಅತ್ತೆ ದನಿ ತಗ್ಗಿಸಿದರು. "ಅದನ್ನೂ ನೋಡಿದ್ವಿ. ಕೆರೆದ್ರೆ ಬೆಳ್ಳಿ. ಕಾಲುಚೈನಿಗೆ ಅಂತ ಬಚ್ಚಿಟ್ಟು ತಂದವ್ರೆ ಅಂತ ಶಾರದಿ ನಗ್ತಾ ತಟ್ಟೇಲಿ ಹಾಕ್ಕಂಡು ಬಚ್ಚಲಿಗೆ ಹೋದ್ಲು, ತೊಳ್ಯಾಕೆ."

ಬಚ್ಚಲಿಗೆ ನಾನು ಹೇಗೆ ತಲುಪಿದೆನೋ ತಿಳಿಯದು. ಶಾರದೆ ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ನೀರಿನ ಚೊಂಬು ಹಿಡಿದಿದ್ದಳು. ನಾನು ಚೊಂಬನ್ನು ಕಿತ್ತು ಹಿತ್ತಲಿಗೆ ಎಸೆದೆ. ತಟ್ಟೆಯಿಂದ ಜಾರಲಿದ್ದ ಒಂದು ತುಂಡನ್ನು ಗಬಕ್ಕನೆ ಹಿಡಿದೆ. ಈಗಷ್ಟೇ ತೊಳೆದ ಕೈ. ಅಂಗೈ ಚುರ್ರೆಂದಿತು, ಕೊಡವಿದೆ, ತುಂಡು ಹೋಗಿ ಬಚ್ಚಲ ಗುಂಡಿಯ ನೀರಿಗೇ ಬಿತ್ತು. ಹಳದಿ ಬೆಂಕಿಯೊಂದು ನೀರಿನ ಮೇಲೆ ಗಿರಗಿರ ಓಡಿತು. ಏನಾಗುವುದೆಂದು ನನಗೊಬ್ಬನಿಗೇ ಗೊತ್ತಿತ್ತು, ಆದರೂ ಬಗ್ಗಿ ನೋಡಿದವನೂ ನಾನೊಬ್ಬನೇ. ಢಂ ಎಂದಿತು. ನನ್ನ ಎರಡೂ ಹುಬ್ಬುಗಳು ಹೋದವು.

ಮುಂದಿನದನ್ನು ಮಾಡಿದವರು ಅತ್ತೆ. ಶಾರದೆಯನ್ನು ಹೊರಗೆಳೆದು, ಮೈಕೈ ಸವರಿ ನೋಡಿ, ಏನೂ ಆಗಿಲ್ಲವೆಂದು ಖಾತ್ರಿ ಮಾಡಿಕೊಂಡು, ತಟ್ಟೆಯಲ್ಲಿ ಉಳಿದ ತುಂಡುಗಳನ್ನು ತೋರಿಸಿ ನನ್ನ ಕಡೆ ತಿರುಗಿದರು. "ಈಗ ಇವಕ್ಕೆ ಏನ್ ಬೇಕು?"

"ಸೀಮೆಎಣ್ಣೆ" ಎಂದೆ. ಲಾಟೀನಿನ ಕಡೆ ನೋಡುವ ಧೈರ್ಯವಾಗಲಿಲ್ಲ.

ಅವರು ಲಾಟೀನು ಆರಿಸಿದರು. ಅದು ತಣ್ಣಗಾದ ಮೇಲೆ ಎಣ್ಣೆಯನ್ನು ಸೀಸೆಗೆ ಸುರಿದು, ಉಳಿದ ಮೂರು ತುಂಡುಗಳನ್ನು ಒಣ ಇಕ್ಕಳದಲ್ಲಿ ಒಂದೊಂದಾಗಿ ಎತ್ತಿ ಒಳಗೆ ಬಿಟ್ಟರು. ನೆರೆಯವರು ಎದ್ದು ಹೋದರು. ಹರಳೆಣ್ಣೆಯ ಹಣತೆ ಹಚ್ಚಿ, ನನ್ನ ಅಂಗೈಗೆ ಬಟ್ಟೆ ಸುತ್ತುತ್ತಾ ಅತ್ತೆ ಮೆಲ್ಲಗೆ ಹೇಳಿದರು: "ನೀವು ಹೇಳಿದ್ರೆ ನಾವು ಮುಟ್ತಿರ್ಲಿಲ್ಲ ಅಳಿಯಂದ್ರೆ. ನಮಗೆ ತಿಳಿಯಾಕಿಲ್ಲ ಅಂದ್ಕಂಡ್ರಾ?"

ನಾನು ಅಂದುಕೊಂಡದ್ದು ಅದೇ. ಶಾರದೆ ನನಗೆ ಬೆನ್ನು ತಿರುಗಿಸಿ ಅಡುಗೆಮನೆಗೆ ಹೋದಳು. ಬೆಂಕಿಯ ಸಿಟ್ಟೋ ಕಾಲುಚೈನಿನ ಸಿಟ್ಟೋ ನನಗೆ ತಿಳಿಯಲಿಲ್ಲ. ಬೆಳಿಗ್ಗೆ ನಾನು ಶಾಲೆಗೆ ಹೊರಟಾಗ ಅವಳೇ ಕರೆದು ಕೂರಿಸಿ, ಕಾಡಿಗೆಯಿಂದ ಎರಡು ಹುಬ್ಬು ಬರೆದಳು. ಕೊಂಚ ಮೇಲಕ್ಕೇ ಬರೆದಳೆಂದು ನನಗೆ ಈಗಲೂ ಅನುಮಾನ.

ಹೆಡ್‌ಮಾಸ್ಟರು ಸೀಸೆಯನ್ನು ಎರಡೂ ಕೈಯಲ್ಲಿ ಇಸಿದುಕೊಂಡರು. ಮೇಷ್ಟ್ರುಗಳನ್ನೆಲ್ಲ ಸೇರಿಸಿ, "ಇಂಥ ವಸ್ತುಗಳಲ್ಲಿ ಇವರದು ಪಳಗಿದ ಕೈ. ಜೋಪಾನದ ಬಗ್ಗೆ ನಾಲ್ಕು ಮಾತು ಹೇಳಲಿ" ಎಂದರು. ಪಳಗಿದ ಕೈಯನ್ನು ನಾನು ಜೇಬಿನಲ್ಲಿಟ್ಟುಕೊಂಡು ಎದ್ದು ನಿಂತೆ. ನಾಲ್ಕು ಮಾತು ಮುಕ್ಕಾಲು ಗಂಟೆಯಾಯಿತು. ಬಿಸಿಲೇರಿ ಹಣೆ ಬೆವೆತಿತು, ಕರವಸ್ತ್ರದಿಂದ ಒರೆಸಿಕೊಂಡೆ. ಎದುರಿಗಿದ್ದವರ ಮುಖಗಳು ಒಮ್ಮೆಲೇ ಬದಲಾದದ್ದು ಕಂಡು ಕರವಸ್ತ್ರ ನೋಡಿದರೆ, ನನ್ನ ಎರಡೂ ಹುಬ್ಬುಗಳು ಅದರಲ್ಲಿದ್ದವು. ಅದನ್ನು ಮಡಿಸಿ ಜೇಬಿಗೆ ಹಾಕಿ, ಕಣ್ಣಿನ ರಕ್ಷಣೆಯ ಬಗ್ಗೆ ಉಳಿದಿದ್ದ ಭಾಗವನ್ನೂ ಹೇಳಿ ಮುಗಿಸಿದೆ.